ಸಿಗ್ನಲ್ ಹೋದ್ರೆ ಟವರ್ ಮೇಲೆ ಹಾಕ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಡುಪ್ಲಿಕೇಟ್ ಸಿಮ್ ಮೋಸದ, ಅಂದ್ರೆ ನಮ್ಮ ನಂಬರಿಗೆ ಬೇರೆ ಯಾರೋ ಹೊಸ ಸಿಮ್ ತಗೊಂಡು ದುಡ್ಡು ಹೊಡೆಯೋದರ ಸುದ್ದಿ ಬಂದಿತ್ತು, ಹೆಡ್ಡಿಂಗಲ್ಲಿ ಮೊಬೈಲ್ ಹ್ಯಾಕ್ ಅಂತ ಇತ್ತು. ಓದಿ ಸುಮ್ನಿರೋಕೆ ಆಗ್ಲಿಲ್ಲ, ಯಾಕಂದ್ರೆ ನಮ್ಮ ಸೋದರಮಾವಗೂ ಹಿಂಗೇ ಆಗಿದೆ, ಅಲ್ಲಿ ಯಾರೂ ಫೋನ್ ಹ್ಯಾಕ್ ಮಾಡಿರ್ಲಿಲ್ಲ. ನಾನು ಪಿ.ಬಿ. ರೋಡ್ ಹತ್ರ ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡು ಹದಿನಾಲ್ಕು ವರ್ಷ ಆಯ್ತು, ದಿನಾ ಸಿಮ್ ತೆಗ್ದು ಹಾಕೋದೇ ಕೆಲಸ, ಹಂಗಾಗಿ ಇದನ್ನ ಸರಿಯಾಗಿ ಹೇಳ್ಬೇಕು ಅನ್ನಿಸ್ತು.

ಅವತ್ತು ಶನಿವಾರ ಮಧ್ಯಾಹ್ನ, ಮಾವ ಎಪಿಎಂಸಿಲಿ ಮೆಕ್ಕೆಜೋಳ ತೂಕ ಹಾಕಿಸ್ತಾ ನಿಂತಿದ್ರು. ಫೋನ್ ತೆಗ್ದು ನೋಡಿದ್ರೆ ಮೇಲೆ ಒಂದು ಕಡ್ಡಿನೂ ಇಲ್ಲ, ನೋ ಸರ್ವಿಸ್ ಅಂತ ಬರ್ತಿದೆ. ಎರಡು ಸಲ ಆಫ್ ಮಾಡಿ ಆನ್ ಮಾಡಿದಾರೆ, ಸಿಮ್ ತೆಗ್ದು ಅಂಗಿ ಚುಂಗಲ್ಲಿ ಒರೆಸಿ ಹಾಕಿದಾರೆ, ಆಮೇಲೆ "ಟವರ್ ಹೋಗೈತಪ್ಪ, ಮಳೆ ಬರಂಗೈತೆ" ಅಂತ ಜೇಬಿಗೆ ಹಾಕ್ಕೊಂಡು ಬಿಟ್ಟಿದಾರೆ. ಪಕ್ಕದಲ್ಲೇ ಚೀಲ ಹೊರೋ ಹುಡುಗ ಅದೇ ಕಂಪನಿ ಸಿಮ್ಮಲ್ಲಿ ಜೋರಾಗಿ ಮಾತಾಡ್ತಿದ್ದ, ಅದನ್ನ ಯಾರೂ ಗಮನಿಸ್ಲಿಲ್ಲ. ಭಾನುವಾರ ಕಂಪನಿ ಸ್ಟೋರ್ ಬಾಗ್ಲು ಹಾಕಿತ್ತು. ಸೋಮವಾರ ಬೆಳಿಗ್ಗೆ ಹೋದ್ರೆ "ನಿಮ್ಮ ನಂಬರಿಗೆ ಶನಿವಾರನೇ ಹೊಸ ಸಿಮ್ ಕೊಟ್ಟಿದೀವಲ್ಲ" ಅಂದ್ರಂತೆ. ಜೋಳ ಮಾರಿ ಬಂದ ದುಡ್ಡು ಭಾನುವಾರ ರಾತ್ರಿನೇ ಖಾತೆಯಿಂದ ಹೋಗಿತ್ತು.

ಆ ಹುಡುಗನ ಫೋನಲ್ಲಿ ಸಿಗ್ನಲ್ ಇತ್ತಲ್ಲ, ಅದೇ ಸುಳಿವು. ಯಾಕೆ ಅಂತ ಹೇಳ್ಬೇಕಂದ್ರೆ ಫೋನು ಟವರು ಒಳಗೊಳಗೆ ಏನು ಮಾತಾಡ್ಕೊಳ್ತವೆ ಅಂತ ಸ್ವಲ್ಪ ಹೇಳ್ಬೇಕು.

ನೀವು ದಾವಣಗೆರೆ ಬಸ್‌ಸ್ಟ್ಯಾಂಡಲ್ಲಿ ದುರ್ಗದ ಬಸ್ ಹತ್ತಿ ಕೂತ್ರಿ ಅಂತ ಇಟ್ಕೊಳ್ಳಿ. ಆನಗೋಡು, ಭರಮಸಾಗರ ದಾಟೋದ್ರೊಳಗೆ ಎಷ್ಟೋ ಟವರ್ ಬದಲಾಗಿರ್ತವೆ, ಆದ್ರೆ ಜೇಬಲ್ಲಿರೋ ಫೋನು ಒಂದೊಂದು ಟವರಿಗೂ ಹಾಜರಿ ಹಾಕಲ್ಲ. ಸುಮಾರು ಟವರುಗಳನ್ನ ಸೇರಿಸಿ ಒಂದು ಏರಿಯಾ ಅಂತ ಮಾಡಿರ್ತಾರೆ, ಪ್ರತಿ ಟವರ್ರೂ ತಾನು ಯಾವ ಏರಿಯಾದ್ದು ಅಂತ ಸದಾ ಸಾರ್ತಾ ಇರುತ್ತೆ, ಫೋನು ಕೇಳಿಸ್ಕೊಳ್ತಾ ಇರುತ್ತೆ, ಏರಿಯಾ ಬದಲಾದಾಗ ಮಾತ್ರ "ನಾನೀಗ ಇಲ್ಲಿದೀನಿ" ಅಂತ ಒಂದು ಸಂದೇಶ ಕಳಿಸುತ್ತೆ. ಒಂದೇ ಕಡೆ ಕೂತಿದ್ರೂ ಆಗಾಗ ಇದೀನಿ ಅಂತ ಹೇಳುತ್ತೆ. ನಿಮಗೆ ಕಾಲ್ ಬಂದಾಗ ಆ ಏರಿಯಾದ ಟವರೆಲ್ಲ ಓಣಿ ಓಣಿಲಿ ಡಂಗುರ ಹೊಡೆದಂಗೆ ನಿಮ್ಮನ್ನ ಕೂಗ್ತವೆ, ನಿಮ್ಮ ಫೋನ್ ಓಗೊಡುತ್ತೆ, ಆಮೇಲೆ ರಿಂಗ್. ಕೂಗೋವಾಗ ನಿಮ್ಮ ನಿಜವಾದ ಗುರುತು ಹೇಳಲ್ಲ, ಒಂದು ತಾತ್ಕಾಲಿಕ ಹೆಸರು ಕೊಟ್ಟಿರ್ತಾರೆ, ಅದನ್ನೇ ಕೂಗೋದು, ಅಕ್ಕಪಕ್ಕ ಯಾರಾದ್ರೂ ಕದ್ದು ಕೇಳಿದ್ರೂ ಯಾರು ಅಂತ ಗೊತ್ತಾಗ್ಬಾರ್ದು ಅಂತ.

ಇನ್ನು ಗುರುತಿನ ವಿಷಯ. ನಾವು ಎಲ್ಲರಿಗೂ ಕೊಡೋ 10 ಅಂಕಿ ನಂಬರ್ ನೆಟ್‌ವರ್ಕಿಗೆ ನಮ್ಮ ಗುರುತೇ ಅಲ್ಲ. ಸಿಮ್ ಒಳಗೆ ಐಎಂಎಸ್‌ಐ ಅಂತ 15 ಅಂಕಿಯ ಬೇರೆ ನಂಬರ್ ಇರುತ್ತೆ, ನಮ್ಮ ದೇಶದ್ದು 404 ಇಲ್ಲಾ 405ರಿಂದ ಶುರು. ಅದರ ಜೊತೆಗೆ ಒಂದು ಗುಟ್ಟಿನ ಕೀಲಿ, 128 ಬಿಟ್ಟಿಂದು, ಅಂದ್ರೆ 128 ಸೊನ್ನೆ-ಒಂದು ಸಾಲಾಗಿ ಬರೆದಷ್ಟು ಉದ್ದದ್ದು. ಆ ಕೀಲಿ ಇರೋದು ಎರಡೇ ಕಡೆ, ಸಿಮ್ಮಲ್ಲಿ ಒಂದು, ಕಂಪನಿ ಕಂಪ್ಯೂಟರಲ್ಲಿ ಒಂದು. ಫೋನ್ ಆನ್ ಆದಾಗ ನೆಟ್‌ವರ್ಕು ಬಾಯಿಗೆ ಬಂದಂಗೆ ಒಂದು ದೊಡ್ಡ ಅಂಕಿ ಕಳಿಸುತ್ತೆ, ಸಿಮ್ಮು ತನ್ನ ಕೀಲಿ ಹಾಕಿ ಲೆಕ್ಕ ಮಾಡಿ ಉತ್ತರ ಮಾತ್ರ ವಾಪಸ್ ಕೊಡುತ್ತೆ, ಕಂಪನಿನೂ ಅದೇ ಲೆಕ್ಕ ಮಾಡಿ ಎರಡೂ ತಾಳೆ ಆದ್ರೆ ಒಳಗೆ ಬಿಡುತ್ತೆ. ಕೀಲಿ ಯಾವತ್ತೂ ಗಾಳಿಲಿ ಹೋಗಲ್ಲ, ಪ್ರಶ್ನೆ ಪ್ರತಿ ಸಲ ಬೇರೆ, ಹಂಗಾಗಿ ಹಳೇ ಉತ್ತರ ಕದ್ದಿಟ್ಕೊಂಡ್ರೂ ಪ್ರಯೋಜನ ಇಲ್ಲ. 2ಜಿಲಿ ಒಂದು ತೂತು ಇತ್ತು ನಿಜ, ಟವರ್ ಫೋನನ್ನ ಪರೀಕ್ಷೆ ಮಾಡ್ತಿತ್ತು, ಫೋನು ಟವರನ್ನ ಮಾಡ್ತಿರ್ಲಿಲ್ಲ, ಅದಕ್ಕೇ ನಕಲಿ ಟವರ್ ಇಟ್ಟು ಮೋಸ ಮಾಡೋಕೆ ಆಗ್ತಿತ್ತು. 3ಜಿ ಬಂದಾಗಿಂದ ಎರಡೂ ಕಡೆ ಪರೀಕ್ಷೆ ಇದೆ. ಈಗಿನ ಕೆಲವು ಆಂಡ್ರಾಯ್ಡ್ ಫೋನಲ್ಲಿ 2ಜಿ ಆಫ್ ಮಾಡೋ ಆಯ್ಕೆನೇ ಇದೆ, ಇದ್ದೋರು ಮಾಡ್ಕೊಳ್ಳಿ.

ಹಂಗಾದ್ರೆ ಮಾವನ ಸಿಮ್ಮಲ್ಲಿದ್ದ ಕೀಲಿ ಯಾರು ಒಡೆದ್ರು? ಯಾರೂ ಒಡೆದಿಲ್ಲ ಸಾರ್. ಈ 10 ಅಂಕಿ ನಂಬರ್ ಈ ಸಿಮ್ಮಿಂದು ಅಂತ ಕಂಪನಿ ಕಡೆ ಒಂದು ದೊಡ್ಡ ರಿಜಿಸ್ಟರಲ್ಲಿ ಬರೆದಿರುತ್ತೆ. ಯಾರೋ ಒಬ್ಬ ಕೌಂಟರಿಗೆ ಹೋಗಿ ಸಿಮ್ ಕಳೆದೋಗಿದೆ ಅಂತ ಹೇಳಿ, ಮಾವನ ಹೆಸರಿನ ದಾಖಲೆ ತೋರ್ಸಿ, ಆ ಸಾಲಲ್ಲಿ ಹಳೇ ಸಿಮ್ ತೆಗೆಸಿ ಹೊಸ ಸಿಮ್ ಬರೆಸಿದಾನೆ. ಮನೆ ಬೀಗದ ಕೈ ನಿಮ್ಮ ಉಡಿದಾರದಲ್ಲೇ ಇದೆ, ಪಾಲಿಕೆಲಿ ಖಾತೆ ಮಾತ್ರ ಬೇರೆಯವನ ಹೆಸರಿಗೆ ಆಗಿದೆ, ಹಂಗೆ. ಆ ಗಳಿಗೆಯಿಂದ ಮಾವನ ಫೋನು ಎಷ್ಟು ಸಲ ನಾನಿದೀನಿ ಅಂದ್ರೂ ನೆಟ್‌ವರ್ಕು ನೀನು ಯಾರೋ ಗೊತ್ತಿಲ್ಲ ಅನ್ನುತ್ತೆ, ಕಾಲ್ ಎಲ್ಲ ಹೊಸ ಸಿಮ್ಮಿಗೆ ಹೋಗುತ್ತೆ, ಒಂದು ದಿನ ಕಳೆದ್ಮೇಲೆ ಓಟಿಪಿನೂ. ಇಷ್ಟು ಗಟ್ಟಿ ಬೀಗ ಮಾಡಿಟ್ಟು ಖಾತೆ ಬದಲಾಯ್ಸೋ ಕೌಂಟರನ್ನ ಇಷ್ಟು ಸಡಿಲ ಬಿಟ್ಟಿರೋದು ನನಗೆ ಹೊಟ್ಟೆ ಉರಿಯೋ ವಿಷಯ.

ಟವರ್ ಸಮಸ್ಯೆ ಆದ್ರೆ ಅದೇ ಕಂಪನಿ ಸಿಮ್ ಇರೋ ಅಕ್ಕಪಕ್ಕದವರಿಗೂ ಸಿಗ್ನಲ್ ಇರಲ್ಲ. ರೀಚಾರ್ಜ್ ಮುಗಿದ್ರೆ ಕಾಲ್ ಹೋಗಲ್ಲ ಅಷ್ಟೇ, ಕಡ್ಡಿ ಸಾಮಾನ್ಯವಾಗಿ ಇರುತ್ತೆ. ಅವರಿಗೆಲ್ಲ ಇದ್ದು ನಿಮಗೊಬ್ಬರಿಗೇ ಪೂರ್ತಿ ಹೋಗಿದ್ರೆ, ಆಫ್ ಮಾಡಿ ಆನ್ ಮಾಡಿದ್ರೂ ಬರದಿದ್ರೆ, ಸಿಮ್ಮೇ ಕೆಟ್ಟಿರ್ಲೂಬಹುದು ಆದ್ರೆ ಕಾಯ್ಬೇಡಿ, ಬೇರೆ ಫೋನಿಂದ ಕಂಪನಿಗೂ ಬ್ಯಾಂಕಿಗೂ ಆಗಿಂದಾಗ್ಗೆ ಕಾಲ್ ಮಾಡಿ, ದುಡ್ಡು ಹೋಗಿದ್ರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡಿ. ಹೊಸ ಸಿಮ್ ಚಾಲೂ ಆದ್ಮೇಲೆ 24 ಗಂಟೆ ಅದಕ್ಕೆ ಎಸ್ಸೆಮ್ಮೆಸ್ ಬರದಂಗೆ ತಡೀಬೇಕು ಅಂತ ಟೆಲಿಕಾಂ ಇಲಾಖೆ ನಿಯಮ ಇದೆ, ಅಲ್ಲಿವರೆಗೆ ಎಸ್ಸೆಮ್ಮೆಸ್ಸಲ್ಲಿ ಬರೋ ಓಟಿಪಿ ಕಳ್ಳನ ಕೈಗೆ ಸಿಗಲ್ಲ, ಆ ಒಂದು ದಿನ ಇರೋದೇ ನಮಗೋಸ್ಕರ. ಮಾವ ಆ ದಿನಾನ ಮಳೆ ಮೋಡ ನೋಡ್ತಾ ಕಳೆದ್ರು. 2024ರ ಜುಲೈ 1ರಿಂದ ಸಿಮ್ ಬದಲಾಯಿಸಿದ 7 ದಿನ ನಂಬರನ್ನ ಬೇರೆ ಕಂಪನಿಗೆ ಪೋರ್ಟ್ ಮಾಡೋಕೂ ಆಗಲ್ಲ, ಅದೂ ಒಳ್ಳೇ ನಿಯಮನೇ, ಆದ್ರೆ ಇವೆಲ್ಲ ಸಿಮ್ ಬದಲಾದ ಮೇಲಿನ ಮಾತು.

ಕಂಪನಿಗಳಿಗೆ ನಾನು ಕೇಳೋದು ಬದಲಾಗೋಕೆ ಮುಂಚಿನದು. ಹಳೇ ಸಿಮ್ ಇನ್ನೂ ನೆಟ್‌ವರ್ಕಲ್ಲಿ ಹಾಜರಿ ಹಾಕ್ತಾ ಇದ್ಯೋ ಇಲ್ವೋ ನಿಮ್ಮ ರಿಜಿಸ್ಟರಿಗೇ ಗೊತ್ತು. ಕಳೆದೋಗಿದೆ ಅಂತ ಕೌಂಟರಲ್ಲಿ ಒಬ್ಬ ನಿಂತಿರೋವಾಗ ಆ ಸಿಮ್ಮು ಎಪಿಎಂಸಿ ಟವರಲ್ಲಿ ಆರಾಮಾಗಿ ಇದ್ರೆ ಒಂದು ಕಾಲ್ ಮಾಡಿ ಕೇಳೋಕೆ ಏನು ಕಷ್ಟ? ಮನೆಯವರ ಇನ್ನೊಂದು ನಂಬರ್ ಬರೆಸ್ಕೊಂಡು ಅದಕ್ಕೂ ಒಂದು ಮಾತು ಹೇಳಿದ್ರೆ ಮಾವನ ಜೋಳದ ದುಡ್ಡು ಉಳೀತಿತ್ತು.

ನಿಮ್ಮ ವರದಿಗಾರರಿಗೂ ಒಂದು ವಿನಂತಿ ಸಾರ್, ಇಂಥ ಸುದ್ದಿ ಬಂದಾಗ ಹ್ಯಾಕ್ ಅಂತ ಬರೀಬೇಡಿ. ಹ್ಯಾಕ್ ಅಂದ್ರೆ ಜನ ನಮ್ಮ ಕೈಲಿ ಏನೂ ಇಲ್ಲ ಅಂದ್ಕೊಂಡು ಬಿಡ್ತಾರೆ, ಆ ಸಿಮ್ ಯಾವ ಕೌಂಟರಲ್ಲಿ ಯಾವ ದಾಖಲೆ ನೋಡಿ ಕೊಟ್ರು ಅಂತ ಯಾರೂ ಕೇಳಲ್ಲ. ಮಾವ ಇನ್ನೂ ಅದನ್ನೇ ಕೇಳ್ಕೊಂಡು ಸ್ಟೋರಿಗೆ ಅಲೀತಾ ಇದಾರೆ, ಇವತ್ತಿನವರೆಗೆ ಉತ್ತರ ಸಿಕ್ಕಿಲ್ಲ.

ಇಂತಿ,
ಮೊಬೈಲ್ ರಿಪೇರಿ ಅಂಗಡಿಯವ, ದಾವಣಗೆರೆ