ಕ್ವಿಕ್ ರಿಲೀಸ್ ಬದಲು ನಟ್ ಬಿಗಿಯುವ ಗಟ್ಟಿ ಆಕ್ಸಲ್: ನಮ್ಮ ಗ್ರಾಹಕರಿಗೆ ಪತ್ರ

ಮಡಿಕೇರಿ

ಮಾನ್ಯ ಗ್ರಾಹಕರೇ,

ನಮಸ್ಕಾರ.

ನಮ್ಮ ಅಂಗಡಿಯಿಂದ ಬಾಡಿಗೆಗೆ ಹೋಗುವ ಎಲ್ಲ ಗೇರ್ ಸೈಕಲ್‌ಗಳಲ್ಲಿ, ಹಾಗೆಯೇ ಹೋಂಸ್ಟೇಗಳಿಗೂ ತೋಟಗಳಿಗೂ ವಾರ್ಷಿಕ ಸರ್ವೀಸ್ ಒಪ್ಪಂದದ ಮೇಲೆ ನಾವು ನೋಡಿಕೊಳ್ಳುತ್ತಿರುವ ಸೈಕಲ್‌ಗಳಲ್ಲಿ, ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಲಿವರ್‌ಗಳನ್ನು ತೆಗೆದು, ಎರಡೂ ಬದಿಯಲ್ಲಿ ನಟ್ ಬಿಗಿಯುವ ಗಟ್ಟಿ ಆಕ್ಸಲ್‌ಗಳನ್ನು, ಅಂದರೆ ಒಳಗೆ ಟೊಳ್ಳಿಲ್ಲದ ಅಚ್ಚುಗಳನ್ನು, ಹಾಕಲು ನಿರ್ಧರಿಸಿದ್ದೇವೆ. ಬಾಡಿಗೆ ಕಡಿಮೆ ಇರುವ ಈ ಮಳೆಗಾಲದಲ್ಲೇ ಕೆಲಸ ಆರಂಭಿಸಿ, ಪ್ರವಾಸಿಗರ ಓಡಾಟ ಹೆಚ್ಚಾಗುವ ಹೊತ್ತಿಗೆ, ಅಂದರೆ ಹುತ್ತರಿಗೆ ಮೊದಲೇ, ಎಲ್ಲ ಸೈಕಲ್‌ಗಳನ್ನೂ ಮುಗಿಸಿಕೊಡುತ್ತೇವೆ. ಕೈಯಿಂದಲೇ ಬಿಚ್ಚಬಹುದಾದ ಅನುಕೂಲವನ್ನು ತೆಗೆದು ಹಳೆಯ ಕಾಲದ ನಟ್ಟನ್ನು ಏಕೆ ತರುತ್ತೀರಿ ಎಂದು ಹಲವರು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವನ್ನು ವಿವರವಾಗಿಯೇ ಕೊಡಬೇಕಾಗಿದೆ.

ಮೊದಲನೆಯದಾಗಿ, ಕ್ವಿಕ್ ರಿಲೀಸ್ ಕೆಟ್ಟ ವಸ್ತು ಎಂದು ನಾವು ಹೇಳುತ್ತಿಲ್ಲ. ಇಟಲಿಯ ಸೈಕಲ್ ಓಟಗಾರ ತುಲ್ಲಿಯೊ ಕಂಪಾನ್ಯೊಲೊ 1930ರ ದಶಕದಲ್ಲಿ ಇದನ್ನು ಬಳಕೆಗೆ ತಂದದ್ದು ಓಟಗಾರರಿಗಾಗಿ. ಆಗಿನ ಓಟಗಳಲ್ಲಿ ಗೇರ್ ಬದಲಿಸಬೇಕಾದರೂ ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಬೇಕಾಗಿತ್ತು; ಚಳಿಗೆ ಮರಗಟ್ಟಿದ ಬೆರಳುಗಳಿಂದ ನಟ್ ಬಿಚ್ಚುವುದು ಎಷ್ಟು ಕಷ್ಟವೆಂದು ಅಂಥವರಿಗೆ ಗೊತ್ತಿತ್ತು. ತನ್ನ ಸೈಕಲ್ಲನ್ನು ತಾನೇ ಬಿಚ್ಚಿ ತಾನೇ ಜೋಡಿಸುವ, ದಿನವೂ ಅದನ್ನೇ ತುಳಿಯುವ ಒಬ್ಬ ವ್ಯಕ್ತಿಯ ಕೈಯಲ್ಲಿ ಈ ಲಿವರ್ ಇಂದಿಗೂ ಪೂರ್ಣ ಸುರಕ್ಷಿತ. ತೊಂದರೆ ಬರುವುದು ಒಂದು ಸೈಕಲ್ ಹಲವು ಕೈಗಳನ್ನು ದಾಟಿದಾಗ.

ಅದು ಹೇಗೆಂದು ತಿಳಿಯಲು ಲಿವರ್ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಕ್ವಿಕ್ ರಿಲೀಸ್ ಚಕ್ರದ ಆಕ್ಸಲ್ ಟೊಳ್ಳು. ಅದರೊಳಗಿಂದ ಸುಮಾರು 5 ಮಿ.ಮೀ. ದಪ್ಪದ ಒಂದು ಕಡ್ಡಿ ಹಾದುಹೋಗುತ್ತದೆ. ಕಡ್ಡಿಯ ಒಂದು ತುದಿಗೆ ಸಣ್ಣ ನಟ್, ಇನ್ನೊಂದು ತುದಿಗೆ ಲಿವರ್. ಲಿವರಿನ ಬುಡದಲ್ಲಿ ಕ್ಯಾಮ್ ಇದೆ, ಅಂದರೆ ನಡು ತಪ್ಪಿ ಕೊರೆದ ಉರುಟು ತುಂಡು. ಲಿವರನ್ನು 'ಓಪನ್' ಎಂದು ಬರೆದ ಕಡೆಯಿಂದ 'ಕ್ಲೋಸ್' ಎಂದು ಬರೆದ ಕಡೆಗೆ ಮಗುಚಿದಾಗ ಕ್ಯಾಮ್ ಕಡ್ಡಿಯನ್ನು ಎಳೆದು, ಫೋರ್ಕಿನ ಎರಡು ತುದಿಗಳನ್ನು ಚಕ್ರದ ನಡುಭಾಗವಾದ ಹಬ್‌ಗೆ ಒತ್ತಿ ಹಿಡಿಯುತ್ತದೆ. ಇಲ್ಲಿ ನಟ್ ಇರುವುದು ಬಿಗಿಯ ಪ್ರಮಾಣವನ್ನು ಹೊಂದಿಸಲು ಮಾತ್ರ. ಬಿಗಿ ಬರುವುದು ಕ್ಯಾಮಿನಿಂದ. ಮಗುಚುತ್ತಿರುವ ಲಿವರ್ ಆಕ್ಸಲಿನ ನೇರಕ್ಕೆ ಹೊರಚಾಚಿ ನಿಂತ ಹಂತದಲ್ಲೇ ಕೈಗೆ ತಡೆ ಸಿಗಬೇಕು, ಅಲ್ಲಿಂದ ಮುಂದೆ ಅಂಗೈ ಕೊಟ್ಟು ಒತ್ತಿ ಮುಚ್ಚಬೇಕು, ಮುಚ್ಚಿದ ಮೇಲೆ ಅಂಗೈಯಲ್ಲಿ ಲಿವರಿನ ಅಚ್ಚು ಮೂಡಿರಬೇಕು. ಇಷ್ಟಾಗದಿದ್ದರೆ ಚಕ್ರ ಬಿಗಿಯಾಗಿಲ್ಲ ಎಂದೇ ಅರ್ಥ.

ಬಾಡಿಗೆಯಿಂದ ಹಿಂತಿರುಗುವ ಸೈಕಲ್‌ಗಳಲ್ಲಿ ನಮಗೆ ಮತ್ತೆ ಮತ್ತೆ ಕಾಣುವುದು ಇದಕ್ಕೆ ವಿರುದ್ಧವಾದ ಸ್ಥಿತಿ. ಲಿವರನ್ನು ಮಗುಚದೆ, ಅದನ್ನೇ ನಟ್ಟಿನ ಹಿಡಿಕೆ ಎಂದುಕೊಂಡು ಸುತ್ತಿ ಸುತ್ತಿ ತಿರುಗಿಸಿರುತ್ತಾರೆ. ಹಾಗೆ ತಿರುಗಿಸಿದಾಗಲೂ ಕೈಗೆ ಒಂದಿಷ್ಟು ಬಿಗಿ ಸಿಗುತ್ತದೆ, ಚಕ್ರ ನೆಟ್ಟಗೆ ನಿಲ್ಲುತ್ತದೆ, ನೋಡಿದವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಕ್ಯಾಮ್ ಕೊಡಬೇಕಾದ ಒತ್ತಡದ ಒಂದು ಸಣ್ಣ ಪಾಲು ಮಾತ್ರ ಅಲ್ಲಿ ಇರುತ್ತದೆ. ಸೈಕಲ್ ಜೀಪಿನಲ್ಲೋ ಪಿಕಪ್‌ನಲ್ಲೋ ಹೋಗುವಾಗ ಜಾಗಕ್ಕಾಗಿ ಮುಂದಿನ ಚಕ್ರ ತೆಗೆದಿರುತ್ತಾರೆ, ಮೇಲೆ ಗಾಳಿಬೀಡಿನಲ್ಲೋ ಮಾಂದಲಪಟ್ಟಿ ದಾರಿಯಲ್ಲೋ ಇಳಿಸಿದಾಗ ಅದನ್ನು ಹಾಕುವವರು ಚಾಲಕರು. ಮರುದಿನ ಅದೇ ಸೈಕಲ್ಲನ್ನು ತೋಟದ ರೈಟರ್ ಒಯ್ಯುತ್ತಾರೆ, ಸಂಜೆ ಹೋಂಸ್ಟೇ ಅತಿಥಿಗಳ ಮಗ ಏರುತ್ತಾನೆ. ಇವರಲ್ಲಿ ಯಾರನ್ನೂ ದೂರುವಂತಿಲ್ಲ. ಲಿವರ್ ಮುಚ್ಚುವ ಕ್ರಮವನ್ನು ಪ್ರತಿಯೊಬ್ಬರಿಗೂ ಪ್ರತಿ ಬಾರಿ ತೋರಿಸಿಕೊಡುವವರು ಅಲ್ಲಿ ಇರುವುದಿಲ್ಲ. ನಟ್ಟಿನ ವಿಷಯ ಹಾಗಲ್ಲ: ಅದನ್ನು ಹೇಗೆ ಬಿಗಿಯಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಸ್ಪ್ಯಾನರ್ ಇಲ್ಲದವರು ಅದನ್ನು ಮುಟ್ಟುವಂತೆಯೂ ಇಲ್ಲ.

ನಮ್ಮ ಊರಿನ ಮಳೆಯನ್ನೂ ಇಲ್ಲಿ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿಯಲ್ಲಿ ಓಡಿದ ಸೈಕಲ್ಲಿನ ಲಿವರನ್ನು ಬಿಚ್ಚಿ ನೋಡಿದರೆ, ಕ್ಯಾಮ್ ಕೂರುವ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಗ್ರೀಸ್ ತೊಳೆದುಹೋಗಿ ಕೆಂಪು ಮಣ್ಣು ನುಣ್ಣಗೆ ಮೆತ್ತಿಕೊಂಡಿರುತ್ತದೆ. ಕಡ್ಡಿಯ ಮೇಲೆ, ಆಕ್ಸಲಿನ ಒಳಗೆ ಮುಚ್ಚಿರುವ ಭಾಗದಲ್ಲಿಯೇ, ತುಕ್ಕಿನ ಪದರ ಕಾಣುತ್ತದೆ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಕ್ಯಾಮ್ ಹೀಗೆ ಹೊರಗೇ ತೆರೆದಿರುತ್ತದೆ. ಒಣಗಿದ ಕ್ಯಾಮಿನ ದೊಡ್ಡ ಅಪಾಯವೆಂದರೆ ಅದು ಕೈಗೆ ಸುಳ್ಳು ಹೇಳುತ್ತದೆ: ಮಣ್ಣಿನ ಉಜ್ಜಾಟದಿಂದಲೇ ಲಿವರ್ ಗಡುಸಾಗಿ, ಕ್ರಮ ತಿಳಿದವರಿಗೂ ಬಿಗಿಯಾಯಿತು ಎನ್ನಿಸುತ್ತದೆ, ಆದರೆ ಹಾಕಿದ ಬಲವೆಲ್ಲ ಉಜ್ಜಾಟಕ್ಕೇ ಖರ್ಚಾಗಿ ಫೋರ್ಕಿಗೆ ತಲುಪಿರುವುದಿಲ್ಲ. ಇದರ ಮೇಲೆ, ಕಾಫಿ ಸಾಲುಗಳ ನಡುವಿನ ಕಾಲುದಾರಿಯಲ್ಲಿ ಹೋಗುವಾಗ ಮುಂದಕ್ಕೆ ಮುಖ ಮಾಡಿದ ಲಿವರಿಗೆ ಗಿಡದ ಕೊಂಬೆ ಸಿಕ್ಕಿಕೊಂಡು ಎಳೆಯುವ ಸಂಭವವೂ ಇದೆ.

ಡಿಸ್ಕ್ ಬ್ರೇಕ್ ಇರುವ ಸೈಕಲ್‌ಗಳನ್ನು ಮೊದಲು ತೆಗೆದುಕೊಳ್ಳುತ್ತಿರುವುದಕ್ಕೆ ಪ್ರತ್ಯೇಕ ಕಾರಣವಿದೆ. ಮುಂದಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಸಾಮಾನ್ಯವಾಗಿ ಫೋರ್ಕಿನ ಎಡಗಾಲಿನ ಹಿಂಬದಿಗೆ ಇರುತ್ತದೆ. ಚಕ್ರ ಮುಂದಕ್ಕೆ ಉರುಳುವಾಗ ಡಿಸ್ಕಿನ ಹಿಂಭಾಗ ಮೇಲಕ್ಕೆ ಚಲಿಸುತ್ತಿರುತ್ತದೆ. ಬ್ರೇಕ್ ಅದನ್ನು ತಡೆದಾಗ ಆ ಜಾಗದಲ್ಲಿ ಡಿಸ್ಕಿನ ಮೇಲೆ ಕೆಳಮುಖದ ಬಲ ಬೀಳುತ್ತದೆ. ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಸೀಳಿನ ಬಾಯಿ ಕೆಳಕ್ಕೆ ತೆರೆದಿರುವುದರಿಂದ, ಜೋರಾಗಿ ಬ್ರೇಕ್ ಹಿಡಿದಷ್ಟೂ ಆಕ್ಸಲನ್ನು ಸೀಳಿನಿಂದ ಹೊರದಬ್ಬುವ ಬಲ ಹೆಚ್ಚುತ್ತದೆ. ಮಡಿಕೇರಿಯಿಂದ ಮೇಕೇರಿ ಕಡೆಗೋ ಸಂಪಾಜೆ ಘಾಟಿಯ ಕಡೆಗೋ ಇಳಿಯುವವರು ಎಷ್ಟು ಹೊತ್ತು ಬ್ರೇಕಿನ ಮೇಲೆಯೇ ಇರಬೇಕಾಗುತ್ತದೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಇನ್ನೊಂದು ಅಪಾಯ, ಸಡಿಲವಾದ ಲಿವರ್ ಒಳಕ್ಕೆ ವಾಲಿ ತಿರುಗುತ್ತಿರುವ ಡಿಸ್ಕಿಗೆ ಸಿಕ್ಕಿಕೊಂಡು ಚಕ್ರ ಒಮ್ಮೆಲೇ ನಿಲ್ಲುವುದು. ಈ ಒಂದು ಕಾರಣಕ್ಕಾಗಿ 2015ರಲ್ಲಿ ಅಮೆರಿಕದ ಒಂದು ದೊಡ್ಡ ಸೈಕಲ್ ಕಂಪನಿ ಅಲ್ಲಿ ಮಾರಾಟವಾಗಿದ್ದ ಸುಮಾರು 9 ಲಕ್ಷ ಸೈಕಲ್‌ಗಳಿಗೆ ಬೇರೆ ಲಿವರ್ ಹಾಕಿಕೊಡಬೇಕಾಯಿತು.

ಫೋರ್ಕಿನ ತುದಿಯಲ್ಲಿ ಸೀಳಿನ ಸುತ್ತ ಸಣ್ಣ ಅಂಚುಗಳು ಎದ್ದಿರುವುದನ್ನು ನೀವು ಗಮನಿಸಿರಬಹುದು. ಲಿವರ್ ಸಡಿಲವಾದರೂ ಚಕ್ರ ಕಳಚಿ ಬೀಳದಂತೆ ತಡೆಯಲು ಅವು ಇವೆ. ಚಕ್ರ ಬೇಗ ಬಿಚ್ಚಲಿ ಎಂದು ಆ ಅಂಚುಗಳನ್ನು ಅರದಿಂದ ಉಜ್ಜಿ ತೆಗೆಸುವ ರೂಢಿ ಕೆಲವರಲ್ಲಿದೆ. ದಯವಿಟ್ಟು ಹಾಗೆ ಮಾಡಿಸಬೇಡಿ. ನಟ್ ಹಾಕಿದ ಮೇಲೂ ಅವು ಇರಲೇಬೇಕು.

ಗಟ್ಟಿ ಆಕ್ಸಲ್ ಹಾಕಿದರೆ ಚಕ್ರ ಎಷ್ಟೋ ಪಟ್ಟು ಬಲವಾಗುತ್ತದೆ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ನಿಜವಲ್ಲ. ಬಾಗುವಿಕೆಯನ್ನು ತಡೆಯುವ ಶಕ್ತಿ ಇರುವುದು ಹೆಚ್ಚಾಗಿ ಹೊರಮೈಯ ಲೋಹದಲ್ಲಿ, 10 ಮಿ.ಮೀ. ದಪ್ಪದ ಆಕ್ಸಲಿನ ನಡುವೆ 5 ಮಿ.ಮೀ. ರಂಧ್ರವಿದ್ದರೆ ಕಡಿಮೆಯಾಗುವುದು ಹದಿನಾರರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಆರರಷ್ಟು ಮಾತ್ರ. ಅಷ್ಟೇ ಅಲ್ಲ, ಟೊಳ್ಳು ಆಕ್ಸಲ್ ಮುರಿದಾಗ ಒಳಗಿನ ಕಡ್ಡಿ ಎರಡು ತುಂಡುಗಳನ್ನೂ ಹಿಡಿದುಕೊಂಡು ಸವಾರನನ್ನು ಮನೆ ಮುಟ್ಟಿಸುವುದುಂಟು. ಗಟ್ಟಿ ಆಕ್ಸಲಿಗೆ ಆ ಆಸರೆ ಇಲ್ಲ. ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಂಪು, ಥ್ರೆಡ್ ಮೇಲೆ ಕೂರುವ ಹಬ್‌ಗಳಲ್ಲಿ ಬಲಬದಿಯ ಬೇರಿಂಗ್ ಬಹಳ ಒಳಗೆ ಉಳಿದು, ಆಕ್ಸಲಿನ ಉದ್ದವಾದ ಒಂದು ಭಾಗ ಆಧಾರವಿಲ್ಲದೆ ಹೊರೆ ಹೊರುತ್ತದೆ, ಅಲ್ಲಿಯೇ ಅದು ಬಾಗುತ್ತದೆ. ಆದುದರಿಂದ ಗೊಬ್ಬರದ ಚೀಲವನ್ನು ಕ್ಯಾರಿಯರ್ ಮೇಲೆ ಹೇರುವವರು ಹೊಸ ಆಕ್ಸಲ್ ಬಂದಿತೆಂದು ಹೊರೆ ಹೆಚ್ಚಿಸಬಾರದು ಎಂದು ಒತ್ತಿ ಹೇಳುತ್ತೇವೆ. ನಾವು ಈ ಬದಲಾವಣೆ ಮಾಡುತ್ತಿರುವುದು ಲೋಹದ ಬಲಕ್ಕಾಗಿ ಅಲ್ಲ, ಯಾರ ಕೈ ದಾಟಿ ಬಂದರೂ ಚಕ್ರ ತನ್ನ ಜಾಗದಲ್ಲಿ ಇರಲಿ ಎಂದು.

ಕೆಲಸದ ವಿವರವನ್ನೂ ತಿಳಿಸುತ್ತೇವೆ, ಏಕೆಂದರೆ ಬೇರೆಡೆ ಮಾಡಿಸಿಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರಬಹುದು. ಸಾಮಾನ್ಯ ಗೇರ್ ಸೈಕಲ್ಲಿನ ಕ್ವಿಕ್ ರಿಲೀಸ್ ಆಕ್ಸಲ್ ಮುಂದೆ 9 ಮಿ.ಮೀ., ಹಿಂದೆ 10 ಮಿ.ಮೀ. ದಪ್ಪದ್ದು, ಎರಡಕ್ಕೂ ಥ್ರೆಡ್ಡಿನ ಅಂತರ 1 ಮಿ.ಮೀ. ಅದೇ ದಪ್ಪ ಮತ್ತು ಅದೇ ಥ್ರೆಡ್ಡಿನ ಗಟ್ಟಿ ಆಕ್ಸಲ್ ತಂದರೆ ಬೇರಿಂಗಿನ ಬಿಗಿ ಹೊಂದಿಸುವ ಈಗಿನ ಕೋನ್‌ಗಳನ್ನೂ ಅವು ಕದಲದಂತೆ ಹಿಡಿಯುವ ಲಾಕ್‌ನಟ್‌ಗಳನ್ನೂ ಮತ್ತೆ ಬಳಸಬಹುದು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹಿಂದಿನ ಆಕ್ಸಲ್‌ಗಳಲ್ಲಿ ಮೂರು ಸೂತಿನ, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲಿನ ಅಳತೆಯವೂ ಇವೆ. ಅವುಗಳ ದಪ್ಪ 9.5 ಮಿ.ಮೀ., ಒಂದು ಇಂಚಿಗೆ 26 ಥ್ರೆಡ್. ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. 10 ಮಿ.ಮೀ.ನ ಕೋನನ್ನು ಅದರ ಮೇಲೆ ಏರಿಸಿದರೆ ಸಡಿಲವಾಗಿ ಕೂತು, ಹೊರೆ ಬಿದ್ದ ಮೇಲೆ ಥ್ರೆಡ್ ಕಿತ್ತುಬರುತ್ತದೆ. ಆದ್ದರಿಂದ ನಾವು ಪ್ರತಿ ಆಕ್ಸಲನ್ನೂ ಅಳತೆಯ ಕ್ಯಾಲಿಪರ್ ಹಿಡಿದು ಅಳೆದೇ ಹಾಕುತ್ತೇವೆ.

ಉದ್ದವೂ ಬೇರೆ. ಮುಂದಿನ ಫೋರ್ಕಿನ ಒಳಅಂತರ 100 ಮಿ.ಮೀ., ಹಿಂದಿನದು ಹೆಚ್ಚಿನ ಸೈಕಲ್‌ಗಳಲ್ಲಿ 135 ಮಿ.ಮೀ. ಟೊಳ್ಳು ಆಕ್ಸಲ್ ಇದಕ್ಕಿಂತ ಸುಮಾರು 10 ಮಿ.ಮೀ. ಮಾತ್ರ ಉದ್ದವಿದ್ದು ಸೀಳಿನೊಳಗೇ ಮುಗಿಯುತ್ತದೆ. ಗಟ್ಟಿ ಆಕ್ಸಲಿಗೆ ಎರಡೂ ಬದಿಯಲ್ಲಿ ಫೋರ್ಕ್, ವಾಷರ್ ಮತ್ತು ನಟ್ ಹಿಡಿಯುವಷ್ಟು ಹೊರಚಾಚು ಬೇಕಾದ್ದರಿಂದ ಮುಂದೆ 140, ಹಿಂದೆ 175ರಿಂದ 185 ಮಿ.ಮೀ. ಉದ್ದದ್ದನ್ನು ಬಳಸುತ್ತೇವೆ.

ಹಬ್ ಬಿಚ್ಚಿದ ಮೇಲೆ ಬೇರಿಂಗಿನ ಹಳೆಯ ಬಾಲ್‌ಗಳನ್ನು ಮತ್ತೆ ಹಾಕುವುದಿಲ್ಲ. ಸಾಮಾನ್ಯವಾಗಿ ಮುಂದೆ ಬದಿಗೆ ಹತ್ತು, ಹಿಂದೆ ಬದಿಗೆ ಒಂಬತ್ತು ಬಾಲ್ ಬೇಕು. ಎಲ್ಲವೂ ಹೊಸತು, ಗ್ರೀಸ್ ಹೊಸತು. ಕೋನ್ ಹೊಂದಿಸುವುದು ಈ ಕೆಲಸದ ಅತಿ ಸೂಕ್ಷ್ಮ ಭಾಗ. ಕ್ವಿಕ್ ರಿಲೀಸ್ ಮುಚ್ಚಿದಾಗ ಟೊಳ್ಳು ಆಕ್ಸಲ್ ಕೂದಲೆಳೆಯಷ್ಟು ಕುಗ್ಗುವುದರಿಂದ, ಅದರ ಕೋನ್‌ಗಳನ್ನು ಒಂಚೂರು ಅಲುಗಾಟ ಉಳಿಸಿ ಬಿಗಿಯಬೇಕು. ಗಟ್ಟಿ ಆಕ್ಸಲಿನಲ್ಲಿ ನಟ್ ಒತ್ತುವುದು ಫೋರ್ಕಿನ ತುದಿಯನ್ನು ಮಾತ್ರ, ಆಕ್ಸಲ್ ಕುಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಅಲುಗಾಟ ಉಳಿಸಬಾರದು, ಬೆರಳಲ್ಲಿ ತಿರುಗಿಸಿದರೆ ಕರಕರ ಎನ್ನಲೂ ಬಾರದು. ಹಳೆಯ ಅಭ್ಯಾಸದಲ್ಲೇ ಬಿಗಿದರೆ ಕೋನ್ ಬೇಗ ಸವೆಯುತ್ತದೆ. ಹಸ್ತಾಂತರಿಸುವಾಗ ಚಕ್ರವನ್ನು ಅಡ್ಡಕ್ಕೆ ಅಲುಗಾಡಿಸಿ ನಿಮ್ಮೆದುರೇ ತೋರಿಸುತ್ತೇವೆ.

ನಿಮಗಾಗುವ ಒಂದೇ ಅನನುಕೂಲವೆಂದರೆ, ಪಂಕ್ಚರ್ ಆದಾಗ ಚಕ್ರ ಬಿಚ್ಚಲು ಇನ್ನು 15ರ ಸ್ಪ್ಯಾನರ್ ಬೇಕು. ಬಾಡಿಗೆಯ ಪ್ರತಿ ಸೈಕಲ್ಲಿನ ಸೀಟಿನ ಕೆಳಗಿನ ಚೀಲದಲ್ಲಿ ಅದನ್ನು ಇಟ್ಟಿರುತ್ತೇವೆ. ಹೋಂಸ್ಟೇ ಮತ್ತು ತೋಟಗಳಿಗೆ ಒಂದೊಂದನ್ನು ಉಚಿತವಾಗಿ ಕೊಡುತ್ತೇವೆ, ಆದರೂ ಜೀಪಿನ ಟೂಲ್ಸ್ ಪೆಟ್ಟಿಗೆಯಲ್ಲಿರುವ 14-15ರ ಸ್ಪ್ಯಾನರೇ ಸಾಕಾಗುತ್ತದೆ. ಆಲನ್ ಕೀಯಿಂದ ಬಿಗಿಯುವ ಕಡ್ಡಿಯನ್ನು ನಾವು ಆರಿಸದಿರಲು ಇದೂ ಒಂದು ಕಾರಣ: ಕಕ್ಕಬ್ಬೆಯ ಒಳದಾರಿಯಲ್ಲಿ ಚಕ್ರ ನಿಂತರೆ ಹತ್ತಿರದ ಮನೆಯಲ್ಲಿ ಸ್ಪ್ಯಾನರ್ ಸಿಗುವ ಸಾಧ್ಯತೆಯೇ ಹೆಚ್ಚು. ನಟ್ಟನ್ನು ಎಡ, ಬಲ ಎಂದು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು; 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 15ರಿಂದ 20 ಕಿಲೋ ತೂಗಿದಷ್ಟು ಎಳೆತ ಸಾಕು, ಪೈಪ್ ಸೇರಿಸಿ ಎಳೆಯಬೇಡಿ. ಮುಂದಿನ ಚಕ್ರಕ್ಕೆ ಬರುವ ಕೊಕ್ಕೆಯುಳ್ಳ ವಾಷರನ್ನು ಫೋರ್ಕಿನ ರಂಧ್ರಕ್ಕೆ ಸಿಕ್ಕಿಸಿಯೇ ನಟ್ ಹಾಕಬೇಕು.

ಕೆಲವು ಸೈಕಲ್‌ಗಳನ್ನು ನಾವು ಮುಟ್ಟುವುದಿಲ್ಲ. 12 ಅಥವಾ 15 ಮಿ.ಮೀ.ನ ಥ್ರೂ ಆಕ್ಸಲ್, ಅಂದರೆ ಸೀಳಿನ ಬದಲು ಮುಚ್ಚಿದ ರಂಧ್ರದೊಳಗಿಂದ ಹಾದುಹೋಗುವ ದಪ್ಪ ಆಕ್ಸಲ್, ಇರುವವುಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಸೀಲ್ಡ್ ಬೇರಿಂಗಿನ ಹಬ್ಬಿಗೆ ಅದರ ತಯಾರಕರ ಆಕ್ಸಲೇ ಆಗಬೇಕು. ಸ್ವಂತ ಸೈಕಲ್ ಇಟ್ಟುಕೊಂಡು ತಾವೇ ನೋಡಿಕೊಳ್ಳುವವರು ಕ್ವಿಕ್ ರಿಲೀಸ್ ಉಳಿಸಿಕೊಳ್ಳಲು ಬಯಸಿದರೆ ಖಂಡಿತ ಉಳಿಸಿಕೊಳ್ಳಬಹುದು. ಅಂಥವರು ಮಳೆ ನಿಂತ ಮೇಲೆ ಒಮ್ಮೆ ಅಂಗಡಿಗೆ ತಂದರೆ ಕ್ಯಾಮ್ ತೊಳೆದು ಗ್ರೀಸ್ ಹಾಕಿ, ಮುಚ್ಚುವ ಕ್ರಮವನ್ನು ಕೈಹಿಡಿದು ತೋರಿಸಿಕೊಡುತ್ತೇವೆ. ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಒಪ್ಪಂದದಲ್ಲಿರುವ ಸೈಕಲ್‌ಗಳಿಗೆ ಕೂಲಿ ಇಲ್ಲ; ಆಕ್ಸಲ್, ನಟ್, ವಾಷರ್ ಮತ್ತು ಬಾಲ್‌ಗಳಿಗೆ ನಾವು ಕೊಂಡ ಬೆಲೆಯನ್ನೇ ಬಿಲ್ಲಿನಲ್ಲಿ ಹಾಕುತ್ತೇವೆ. ತೆಗೆದ ಲಿವರ್, ಕಡ್ಡಿ ಮತ್ತು ಟೊಳ್ಳು ಆಕ್ಸಲ್ ನಿಮ್ಮ ಸ್ವತ್ತು. ಅವನ್ನು ಒರೆಸಿ, ಎಣ್ಣೆ ಸವರಿ, ಸೈಕಲ್ಲಿನ ಜೊತೆಗೇ ಹಿಂತಿರುಗಿಸುತ್ತೇವೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಸೈಕಲ್‌ಗಳನ್ನು ಒಟ್ಟಿಗೆ ಕಳುಹಿಸುವುದಾದರೆ ಎರಡು ದಿನ ಮೊದಲೇ ತಿಳಿಸಬೇಕಾಗಿ ಕೋರುತ್ತೇವೆ. ನಿಮ್ಮ ಸರದಿ ಬರುವವರೆಗೆ, ಪ್ರತಿ ಬಾರಿ ಸೈಕಲ್ ಏರುವ ಮೊದಲು ಎರಡೂ ಲಿವರ್‌ಗಳಲ್ಲಿ 'ಕ್ಲೋಸ್' ಎಂಬ ಬರಹ ಹೊರಕ್ಕೆ ಕಾಣುತ್ತಿದೆಯೇ ಎಂದು ನೋಡಿ, ಮುಂದಿನ ಚಕ್ರವನ್ನು ಎತ್ತಿ ಮೇಲಿನಿಂದ ಒಮ್ಮೆ ಗುದ್ದಿ ಪರೀಕ್ಷಿಸಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಸೈಕಲ್ ಬಾಡಿಗೆ ಮತ್ತು ಸರ್ವೀಸ್ ವಿಭಾಗ