ಮತ ಎಣಿಸುವ ಮೊದಲು

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಿಮ್ಮ ಚರ್ಚ್ ಸಭೆಯ ಕಮಿಟಿಗೆ ನಿನ್ನನ್ನು ಆರಿಸಿದ್ದಾರೆಂದು ಓದಿ ತುಂಬಾ ಸಂತೋಷವಾಯಿತು. ಆದರೆ ಕೊನೆಯ ಸಾಲು ಎರಡು ದಿನದಿಂದ ಮನಸ್ಸನ್ನು ಕೊರೆಯುತ್ತಿದೆ. ಆರಾಧನೆಯ ಸಮಯ ಬದಲಿಸುವ ವಿಚಾರದಲ್ಲಿ ನಿಮ್ಮ ಕಡೆಗೇ ಜನ ಹೆಚ್ಚು, ಮುಂದಿನ ಕೂಟದಲ್ಲಿ ಮತಕ್ಕೆ ಹಾಕಿ ಮುಗಿಸಿಬಿಡುತ್ತೇವೆ ಎಂದು ಬರೆದಿದ್ದೀಯ. ಮತಕ್ಕೆ ಹಾಕಿದರೆ ಮುಗಿಯುತ್ತದೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ನಾನು ಕಮಿಟಿಯಲ್ಲಿದ್ದಾಗ ಸಭೆಗೊಂದು ಹೊಸ ಕಟ್ಟಡ ಬೇಕೆಂದು ಹಟ ಹಿಡಿದವರಲ್ಲಿ ನಾನೇ ಮುಂದು. ಏಳು ಕೈ ಈ ಕಡೆ, ಐದು ಕೈ ಆ ಕಡೆ. ಗೆದ್ದೆವು. ಕಟ್ಟಡವೂ ಎದ್ದಿತು. ಆದರೆ ಆ ಐವರಲ್ಲಿ ಇಬ್ಬರ ಮನೆಯವರು ಆರಾಧನೆಗೆ ಬರುವುದನ್ನೇ ಬಿಟ್ಟರು. ವರ್ಷಗಳ ಮೇಲೆ ಅವರಲ್ಲೊಬ್ಬರ ಮನೆಗೆ ಹೋದಾಗ ಗೊತ್ತಾಯಿತು, ಅವರಿಗೆ ಕಟ್ಟಡ ಬೇಡವೆಂದಿರಲಿಲ್ಲ. ಸಭೆ ಸಾಲಕ್ಕೆ ಬೀಳುವುದಷ್ಟೇ ಅವರ ಭಯ. ಅದನ್ನು ನಾವು ಕೇಳಿರಲೇ ಇಲ್ಲ. ಕೈ ಎಣಿಸುವ ಅವಸರದಲ್ಲಿ ಒಬ್ಬ ಸಹೋದರನ ಮಾತು ಕೇಳದೆ ಹೋದೆನಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದು. ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಅದಕ್ಕಾಗಿ ಯೆರೂಸಲೇಮಿನಲ್ಲಿ ಕೂಡಿದ್ದವರು ಮೊದಲು ಬಹಳ ವಾದ ಮಾಡಿದರು. ಆ ಪುಸ್ತಕ ಬರೆದ ಲೂಕನು ಅದನ್ನು ಮುಚ್ಚಿಟ್ಟಿಲ್ಲ. ಆಮೇಲೆ ಪೇತ್ರನು ಮಾತಾಡಿದ, ಕೂಡಿದ್ದವರೆಲ್ಲ ಸುಮ್ಮನಾಗಿ ಬಾರ್ನಬನ, ಪೌಲನ ಅನುಭವ ಕೇಳಿದರು, ಕಡೆಗೆ ಯಾಕೋಬನು ಎಲ್ಲವನ್ನೂ ಶಾಸ್ತ್ರದ ಬೆಳಕಿನಲ್ಲಿಟ್ಟು ತೀರ್ಮಾನ ಹೇಳಿದ. ಅದು ಒಂದು ಪಕ್ಷದ ಗೆಲುವಾಗಿರಲಿಲ್ಲ. ಸುನ್ನತಿಯ ಹೊರೆ ಹೊರಿಸಲಿಲ್ಲ, ಆದರೆ ಯೆಹೂದ್ಯ ಸಹೋದರರ ಮನಸ್ಸು ನೋಯದಂತೆ ವಿಗ್ರಹಕ್ಕೆ ಅರ್ಪಿಸಿದ್ದನ್ನೂ ರಕ್ತವನ್ನೂ ಬಿಡಬೇಕೆಂದು ಕೇಳಿಕೊಂಡರು. ಈ ಪ್ರಶ್ನೆ ಎದ್ದಿದ್ದ ಅಂತಿಯೋಕ್ಯದ ಸಭೆಗೆ ಬರೆದ ಪತ್ರದಲ್ಲಿ ಇದು ಪವಿತ್ರಾತ್ಮನಿಗೂ ನಮಗೂ ಸರಿಕಂಡಿತು ಎನ್ನುವ ಧೈರ್ಯ ಅವರಿಗೆ ಬಂದದ್ದು ಅಷ್ಟು ಕೇಳಿಸಿಕೊಂಡ ಮೇಲೆ. ಏಳು ಕೈ ಎತ್ತಿಸಿದ ಆ ರಾತ್ರಿ ನಾನು ಹಾಗೆ ಬರೆಯಬಲ್ಲವನಾಗಿರಲಿಲ್ಲ.

ಅದಕ್ಕಿಂತ ಮುಂಚಿನದು, ಆರನೆಯ ಅಧ್ಯಾಯ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ದೂರಿದವರನ್ನು ಯಾರೂ ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿದರು. ಸ್ತೆಫನ, ಫಿಲಿಪ್ಪ ಎಂದು ಶುರುವಾಗುವ ಆ ಏಳು ಹೆಸರುಗಳನ್ನು ಗಮನಿಸು, ಎಲ್ಲವೂ ಗ್ರೀಕ್ ಹೆಸರುಗಳೇ. ನೊಂದವರ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟರೆಂದು ನನಗನಿಸುತ್ತದೆ. ಎಷ್ಟು ಓದಿದರೂ ಇದು ನನಗೆ ಹೊಸದಾಗಿಯೇ ಕಾಣುತ್ತದೆ. ದೊಡ್ಡ ಗುಂಪು ತನ್ನ ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟು ಒಗ್ಗಟ್ಟು ಉಳಿಸಿಕೊಂಡಿತು.

ಒಗ್ಗಟ್ಟು ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಮಾತ್ರ ತಿಳಿಯಬೇಡ. ಕ್ವೇಕರರು ಎಂಬ ಕ್ರೈಸ್ತ ಪಂಗಡದ ಕೂಟಗಳಲ್ಲಿ ಮತಕ್ಕೆ ಹಾಕುವ ಪದ್ಧತಿಯೇ ಇಲ್ಲ; ಮೌನವಾಗಿ ಕಾದು, ಒಬ್ಬೊಬ್ಬರ ಮಾತು ಕೇಳಿ, ಕೂಟ ಯಾವ ಕಡೆಗೆ ಒಲಿದಿದೆ ಎಂದು ಅರಿತು ಬರೆದುಕೊಳ್ಳುತ್ತಾರೆ. ಅವರಲ್ಲೇ ಗುಲಾಮರನ್ನು ಇಟ್ಟುಕೊಂಡವರಿದ್ದರು. ಅದು ಪಾಪವೆಂದು ಅವರಲ್ಲೇ ಒಬ್ಬನಾದ ಜಾನ್ ವುಲ್ಮನ್ ಎಂಬಾತ ಮನೆಮನೆಗೆ ಹೋಗಿ, ಯಾರನ್ನೂ ಹೀಯಾಳಿಸದೆ, ಆದರೆ ಮಾತನ್ನು ಸಡಿಲಿಸದೆ ಹೇಳುತ್ತಾ ಬಂದ. 1758ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಕೂಟವು ಅಂಥ ಯಜಮಾನರನ್ನು ಭೇಟಿಯಾಗಿ ತಿಳಿಹೇಳಲು ಜನರನ್ನು ನೇಮಿಸಿತು. ಗುಲಾಮರನ್ನು ಬಿಡದವರಿಗೆ ಸದಸ್ಯತ್ವವಿಲ್ಲ ಎಂದು ತೀರ್ಮಾನವಾದದ್ದು 1776ರಲ್ಲಿ. ಅಷ್ಟರಲ್ಲಿ ವುಲ್ಮನ್ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಇದನ್ನು ಓದುವಾಗ ನನ್ನ ಮನಸ್ಸು ಎರಡಾಗುತ್ತದೆ. ಅವನ ತಾಳ್ಮೆ ದೊಡ್ಡದು, ನಿಜ. ಆದರೆ ಆ ಹದಿನೆಂಟು ವರ್ಷ ಕಾದದ್ದರ ಬೆಲೆ ತೆತ್ತವರು ಗುಲಾಮರು. ಆ ಕೂಟದಲ್ಲಿ ಅವರ ಮಾತು ಕೇಳುವವರೇ ಇರಲಿಲ್ಲ. ಆದ್ದರಿಂದ ತಡಮಾಡುವಾಗಲೂ ಇದರಿಂದ ಯಾರಿಗೆ ಪೆಟ್ಟು ಬೀಳುತ್ತಿದೆ ಎಂದು ಕೇಳಿಕೋ. ಅನ್ಯಾಯ ಮುಂದುವರಿಯಲೆಂದು ಒಗ್ಗಟ್ಟಿನ ಹೆಸರು ಹೇಳುವವರೂ ಇರುತ್ತಾರೆ.

ನಿಮ್ಮ ವಿಚಾರ ಅಂಥದ್ದಲ್ಲ. ಆರಾಧನೆಯ ಸಮಯಕ್ಕಾಗಿ ನಾಲ್ಕು ವಾರ ಕಾಯಬಹುದು. ಕಡಿಮೆ ಮಾತಾಡುವವರನ್ನು ಮೊದಲು ಮಾತಾಡಲು ಬಿಡಿ. ಎದುರು ಪಕ್ಷದವರ ಚಿಂತೆ ಏನೆಂದು ಅವರು ತಲೆದೂಗುವಂತೆ ನೀನೇ ಹೇಳಬಲ್ಲೆಯಾ, ನೋಡಿಕೋ. ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ತನ್ನ ಮಠಕ್ಕೆ ಬರೆದ ನಿಯಮದಲ್ಲಿ, ದೊಡ್ಡ ವಿಚಾರ ಬಂದಾಗ ಎಲ್ಲರನ್ನೂ ಕರೆಯಬೇಕು, ಒಳ್ಳೆಯದನ್ನು ದೇವರು ಎಷ್ಟೋ ಸಲ ಕಿರಿಯನಿಗೇ ತೋರಿಸುತ್ತಾನೆ ಎಂದಿದ್ದಾನೆ. ಆ ಕಮಿಟಿಯಲ್ಲಿ ಕಿರಿಯವನು ನೀನು. ಹಾಗಾಗಿ ಅಂಜದೆ ಮಾತಾಡು. ಇಷ್ಟಾದ ಮೇಲೂ ತೀರ್ಮಾನ ನಿನಗೆ ಹಿಡಿಸದಿದ್ದರೆ, ನನಗೆ ಒಪ್ಪಿಗೆಯಿಲ್ಲ, ಆದರೂ ತಡೆಯುವುದಿಲ್ಲ ಎಂದು ಅಲ್ಲೇ ಹೇಳು. ಹೊರಗೆ ಬಂದು ಬಾಗಿಲ ಬಳಿ ನಿಂತು ಹೇಳಬೇಡ.

ಎಲ್ಲ ಸಲವೂ ಹೊಂದಿಕೆಯಾಗುವುದಿಲ್ಲ ಎಂದೂ ಬಲ್ಲೆ. ಅದೇ ಹದಿನೈದನೆಯ ಅಧ್ಯಾಯದ ಕೊನೆಯಲ್ಲಿ ಜೊತೆಗಾರನಾಗಿದ್ದ ಮಾರ್ಕನನ್ನು ಮುಂದಿನ ಪ್ರಯಾಣಕ್ಕೆ ಕರೆದೊಯ್ಯುವ ವಿಷಯಕ್ಕೆ ಪೌಲನೂ ಬಾರ್ನಬನೂ ಬೇರೆಯಾದರು. ಎಷ್ಟೋ ವರ್ಷದ ಮೇಲೆ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದ ಪೌಲ. ಬಿರುಕು ಬಿಟ್ಟರೂ ಬಾಗಿಲು ಮುಚ್ಚಿರಲಿಲ್ಲ.

ಸಮಯ ಬದಲಿಸುವುದು ಬೇಡವೆನ್ನುವ ಆ ಹಿರಿಯರ ಮನೆಗೆ ಕೂಟಕ್ಕೆ ಮುಂಚೆ ಒಬ್ಬನೇ ಹೋಗು. ವಾದಕ್ಕೆ ನಿಲ್ಲಬೇಡ, ಕೇಳಿಸಿಕೋ. ಹೊರಡುವಾಗ ಅವರ ಜೊತೆ ಪ್ರಾರ್ಥನೆ ಮಾಡು. ಅವರು ಏನು ಹೇಳಿದರೆಂದು ನನಗೆ ಬರೆ, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ