ಅಪ್ಪನಿಗೆ, ಸಿಂಗಪುರದಿಂದ

ಸಿಂಗಪುರ
ಭಾನುವಾರ, 5 ಮೇ 2024

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಗುಂಡ ಮಾಡುವ ನಮಸ್ಕಾರಗಳು. ನಾನು, ಸುಮ, ಪುಟ್ಟಿ ಕ್ಷೇಮ. ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿರುತ್ತೇನೆ ಅಂತ ಪ್ರತಿ ಸಲ ಬರೆಯುತ್ತಿದ್ದೆ. ಅಮ್ಮನ ಚೀಟಿ ಓದಿದ ಮೇಲೆ ಆ ಸಾಲು ಬರೆಯಲು ಕೈ ಬರುತ್ತಿಲ್ಲ.

ಭಾವನ ಸ್ನೇಹಿತರು ತಂದುಕೊಟ್ಟ ಚಟ್ನಿಪುಡಿ ಡಬ್ಬದ ಮುಚ್ಚಳದ ಕೆಳಗೆ ಆ ಚೀಟಿ ಇತ್ತು. ಕ್ಯಾಲೆಂಡರಿನ ಮಾರ್ಚ್ ಹಾಳೆ, ಅದರ ಹಿಂದೆ ಪೆನ್ಸಿಲಿನಲ್ಲಿ ಆರು ಸಾಲು. 26ನೇ ತಾರೀಕು ವೋಟು ಹಾಕಲು ಹೋದವರು ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತುಬಿಟ್ಟಿರಂತೆ. ಆಂಜಿಯೋಗ್ರಾಮ್ ಮಾಡಿಸಿ ಅಂತ ಡಾಕ್ಟರು ಬರೆದುಕೊಟ್ಟ ಕಾಗದವನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿ ಇಟ್ಟಿದ್ದೀರಂತೆ. ಯಾರು ಕೇಳಿದರೂ "ನಮ್ಮ ದ್ವಾರಕೀಶು ಕಾಫಿ ಕುಡಿದು ಮಲಗ್ದ, ಏಳ್ಲಿಲ್ಲ. ನಂಗೂ ಅಷ್ಟು ಕೊಟ್ರೆ ಸಾಕು" ಅನ್ನುತ್ತೀರಂತೆ. ಅಮ್ಮನ ಕೊನೆಯ ಸಾಲು: "ನಿಮ್ಮಪ್ಪ ನಗೋದು ಬಿಟ್ಟವ್ರೆ."

ಫೋನಿನಲ್ಲಿ ಈ ಮಾತು ತೆಗೆದರೆ "ಸರಿಯಾಗಿ ಕೇಳಿಸ್ತಿಲ್ಲ" ಅಂತ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೈಗೆ ಬಂದ ಕಾಗದವನ್ನು ಕೊನೆಯ ಅಕ್ಷರದವರೆಗೂ ಓದುವ ಅಭ್ಯಾಸ ನಿಮ್ಮದು.

ನನಗೂ ಆ ಸುದ್ದಿ ಸುಲಭಕ್ಕೆ ಇಳಿಯಲಿಲ್ಲ ಅಪ್ಪ. ಏಪ್ರಿಲ್ 16, ಮಂಗಳವಾರ. ನಿಮಗಿಂತ ಇಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ, ನಾನು ಊಟಕ್ಕೆ ಹೋಗಿದ್ದೆ. ಇಲ್ಲಿ ಹಾಕರ್ ಸೆಂಟರ್ ಅಂತ ಇರುತ್ತವೆ, ದೊಡ್ಡ ಚಾವಣಿಯ ಕೆಳಗೆ ಸಾಲು ಸಾಲು ಊಟದ ಅಂಗಡಿ. ಮೇಜು ಹಿಡಿಯಬೇಕೆಂದರೆ ಅದರ ಮೇಲೆ ಒಂದು ಟಿಶ್ಯೂ ಪಾಕೀಟು ಇಟ್ಟು ಹೋದರೆ ಮುಗಿಯಿತು, ವಾಪಸ್ಸು ಬರುವವರೆಗೆ ಆ ಜಾಗ ಯಾರೂ ಮುಟ್ಟುವುದಿಲ್ಲ. ನಮ್ಮ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಆದರೆ ಇಲ್ಲಿ ಜಗಳ ಆಗುವುದಿಲ್ಲ. ಹಾಗೆ ಹಿಡಿದ ಮೇಜಿಗೆ ತಟ್ಟೆ ತಂದು ಇಡುವಾಗ ಅಕ್ಕನ ಮೆಸೇಜು ಬಂತು: "ದ್ವಾರಕೀಶ್ ಹೋದ್ರು. ಅಪ್ಪ ಗ್ಯಾರೇಜ್ ಶಟರ್ ಎಳೆದು ಮನೆಗೆ ಬಂದ್ರು."

ಮೊದಲನೇ ಮಾತಿಗಿಂತ ಎರಡನೇ ಮಾತಿಗೆ ನನ್ನ ಕೈಕಾಲು ತಣ್ಣಗಾದವು. ತಾತ ಹೋದ ದಿನ ಬಿಟ್ಟರೆ ಕೆಲಸದ ದಿನ ನೀವು ಶಟರ್ ಎಳೆದದ್ದನ್ನು ನಾನು ಕಂಡಿಲ್ಲ.

ನನ್ನ ಜೊತೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಚೀನೀ ಹಿರಿಯರೊಬ್ಬರಿದ್ದಾರೆ. ಇಲ್ಲಿ ವಯಸ್ಸಾದವರನ್ನೆಲ್ಲ ಅಂಕಲ್ ಅಂತಲೇ ಕರೆಯುವುದು. ನಾನು ಅನ್ನ ಮುಟ್ಟದೆ ಕೂತದ್ದು ನೋಡಿ ಏನಾಯಿತು ಅಂದರು. "ನಮ್ಮ ಮನೆಯವರೊಬ್ಬರು ಹೋದರು" ಅಂದೆ. ಬೇರೆ ಹೇಗೆ ಹೇಳಬೇಕೋ ಆ ಹೊತ್ತಿಗೆ ತೋಚಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವರು ಒಂದು ಬಿಳಿ ಲಕೋಟೆ ತಂದು ನನ್ನ ಜೇಬಿಗೆ ತುರುಕಿದರು. ಒಳಗೆ 30 ಡಾಲರು. ಮದುವೆ, ಹಬ್ಬಕ್ಕೆ ಕೆಂಪು ಲಕೋಟೆ, ಸಾವಿನ ಮನೆಗೆ ಬಿಳಿಯದು, ಅದು ಇವರ ಪದ್ಧತಿ. ನನಗೆ ಮುಖ ಎತ್ತಲಾಗಲಿಲ್ಲ. ಸತ್ತವರು ನಮ್ಮ ಊರಿನ ಒಬ್ಬ ಹಾಸ್ಯನಟ, ನನಗೆ ನೆಂಟರಲ್ಲ ಅಂತ ಬಿಡಿಸಿ ಹೇಳಿ ದುಡ್ಡು ವಾಪಸ್ಸು ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ತಮ್ಮ ಕಾಲದಲ್ಲಿ ಇಲ್ಲಿ ವಾಂಗ್ ಶಾ, ಯೆ ಫೆಂಗ್ ಅಂತ ಒಂದು ಜೋಡಿ ಇತ್ತು, ಒಬ್ಬ ಕಡ್ಡಿ, ಒಬ್ಬ ಡೊಳ್ಳು, ಅವರು ಟಿವಿಯಲ್ಲಿ ಬಂದರೆ ಅಪ್ಪ ಅಮ್ಮ ಮಕ್ಕಳೆಲ್ಲ ಒಟ್ಟಿಗೆ ಕೂತು ನಗುತ್ತಿದ್ದೆವು ಅಂದರು. "ನಗಿಸಿದವನು ಹೋದರೆ ಮನೆಯವನು ಹೋದ ಹಾಗೇ, ಇಟ್ಟುಕೋ" ಅಂದುಬಿಟ್ಟರು. ಕಡ್ಡಿ-ಡೊಳ್ಳಿಗೆ ಎದುರಾಗಿ ನಾನು ಅವರಿಗೆ ನಮ್ಮ ಉದ್ದ-ಗಿಡ್ಡ ಜೋಡಿಯ ವಿಷಯ ಹೇಳಿದೆ. ವಿಷ್ಣುವರ್ಧನ್, ದ್ವಾರಕೀಶ್ ಇಬ್ಬರೂ ನಿಂತಿರುವ ಫೋಟೊ ಫೋನಿನಲ್ಲಿ ತೋರಿಸಿದೆ. ಅವರು ಫೋಟೊ ನೋಡಿಯೇ ನಕ್ಕರು, ಒಂದು ಅಕ್ಷರ ಕನ್ನಡ ಬರದೆ!

ಇವರ ಸಾವಿನ ಮನೆಯೂ ಬೇರೆ ಥರ. ಫ್ಲ್ಯಾಟುಗಳ ಕೆಳಗೆ ನೆಲದ ಅಂತಸ್ತು ಖಾಲಿ ಬಿಟ್ಟಿರುತ್ತಾರೆ, ಅಲ್ಲೇ ಪರದೆ ಕಟ್ಟಿ ಮೂರು ದಿನ, ಐದು ದಿನ ದೇಹ ಇಟ್ಟು, ಬಂದವರಿಗೆ ಕಡಲೆಕಾಯಿ ಬೀಜ, ತಂಪು ಪಾನೀಯ ಕೊಟ್ಟು, ರಾತ್ರಿಯೆಲ್ಲ ಇಸ್ಪೀಟು ಆಡುತ್ತ ಸತ್ತವರನ್ನು ಕಾಯುತ್ತಾರೆ. ಮೊದಲು ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ರವೀಂದ್ರ ಕಲಾಕ್ಷೇತ್ರದಲ್ಲಿ ದ್ವಾರಕೀಶರನ್ನು ಮಲಗಿಸಿದ್ದನ್ನು ಫೋನಿನಲ್ಲಿ ನೋಡುತ್ತ ಒಬ್ಬನೇ ಕೂತಿದ್ದೆ. ಪಕ್ಕದಲ್ಲಿ ನೀವಿದ್ದಿದ್ದರೆ ಅವರ ಒಂದೊಂದೇ ಸೀನು ಹೇಳಿಕೊಂಡು ಬೆಳಗು ಮಾಡಬಹುದಿತ್ತು.

ನಾನು ಸಿಂಗಪುರಕ್ಕೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ನೀವು "ನಮ್ಮೂರಿಂದ ಮೊದ್ಲು ಹೋದೋನು ನೀನಲ್ಲ, ಇನ್ನೊಬ್ಬ ಕುಳ್ಳ ಹೋಗಿ ಬಂದವ್ನೆ" ಅಂದಿದ್ದಿರಿ. ಎಲ್ಲರೂ ನಕ್ಕರು, ಅಮ್ಮನೂ ಅಳು ನಿಲ್ಲಿಸಿದಳು. 1978ರಲ್ಲಿ ತೆರೆಗೆ ಬಂದ 'ಸಿಂಗಪೂರಿನಲ್ಲಿ ರಾಜಾ ಕುಳ್ಳ', ಕನ್ನಡ ಸಿನಿಮಾದವರು ಮೊದಲ ಬಾರಿಗೆ ಹೊರದೇಶದಲ್ಲಿ ಚಿತ್ರೀಕರಣ ಮಾಡಿದ್ದು. ಈಗ ಎಲ್ಲರೂ ಹೊಗಳುವ ಚಾಂಗಿ ವಿಮಾನ ನಿಲ್ದಾಣ ಆಗ ಇರಲಿಲ್ಲ, ಅದು ಶುರುವಾದದ್ದು 1981ರಲ್ಲಿ. ಅದಕ್ಕೆ ಮುಂಚೆ ವಿಮಾನದಲ್ಲಿ ಬಂದವರು ಇಳಿಯುತ್ತಿದ್ದದ್ದು ಪಾಯಾ ಲೆಬಾರ್‌ನಲ್ಲಿ. ನಮ್ಮ ವರ್ಕ್‌ಶಾಪು ಇರುವ ಊಬಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಈಗ ಅದು ವಾಯುಪಡೆಯ ಜಾಗ, ಒಳಗೆ ಬಿಡುವುದಿಲ್ಲ. ಆದರೂ ಆ ವಾರ ಕೆಲಸ ಮುಗಿಸಿ ಆ ಕಡೆಯ ರಸ್ತೆಯಲ್ಲಿ ನಡೆದುಕೊಂಡೇ ಬಂದೆ. ಹುಣಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅಣ್ಣನ ಜೊತೆ ಗಾಡಿ ಬಿಡಿಭಾಗದ ಅಂಗಡಿ ನಡೆಸಿದ ಮನುಷ್ಯ, ಸ್ವಂತ ದುಡ್ಡು ಸುರಿದು ಒಂದು ತಂಡವನ್ನೇ ಕಟ್ಟಿಕೊಂಡು ಈ ನೆಲಕ್ಕೆ ಬಂದಿಳಿದಿದ್ದರು ಅಂತ ನೆನೆಸಿಕೊಂಡರೆ ಎದೆ ತುಂಬುತ್ತದೆ.

ಆರನೇ ಕ್ಲಾಸಿನಲ್ಲಿ ಹುಡುಗರು ನನ್ನನ್ನು ಧ್ವಜಸ್ತಂಭದ ಕಟ್ಟೆ ಪಕ್ಕ ನಿಲ್ಲಿಸಿ ಅಳತೆ ಹಿಡಿದಿದ್ದರು. ಅಳುತ್ತ ಗ್ಯಾರೇಜಿಗೆ ಬಂದೆ. ನೀವು ಏನೂ ಕೇಳಲಿಲ್ಲ. ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಆಮೇಲೆ ಸೋಪಿನಪುಡಿ ಹಾಕಿ ತೊಳೆದು, ಉಗುರ ಸಂದಿಯ ಕರಿ ಹೋಗದೇ ಹಾಗೇ ನನ್ನ ಕೈ ಹಿಡಿದು ಟೆಂಟಿಗೆ ಕರೆದುಕೊಂಡು ಹೋದಿರಿ. ಹಳೇ ಸಿನಿಮಾ, 1972ರ 'ಕುಳ್ಳ ಏಜೆಂಟ್ 000', ಕಿಶೋರ್ ಕುಮಾರ್ ಕೈಲಿ ಕನ್ನಡ ಹಾಡಿಸಿದ್ದು. ಕತ್ತಲಲ್ಲಿ ನನ್ನ ಕಿವಿಗೆ ಬಾಯಿಟ್ಟು ನೀವು ಹೇಳಿದ್ದು ನನಗೆ ಇವತ್ತಿಗೂ ಹಾಗೇ ಇದೆ: "ನೋಡ್ಲಾ, ಸಿನಿಮಾ ಹೆಸರ್ನಲ್ಲೇ ಕುಳ್ಳ ಅಂತ ಬರ್ಕೊಂಡವ್ನೆ. ಇನ್ನು ಬೇರೇರು ಏನಂತ ಕರೀತಾರೆ ಅವನ್ನ? ಪಕ್ಕದೋನಷ್ಟು ಎತ್ತರ ಆಗಕ್ಕೂ ಹೋಗಲ್ಲ. ಕತ್ತೆತ್ತಿ ನೋಡ್ತಾನೆ, ಅಷ್ಟೇ. ನಗೋರೆಲ್ಲ ಇವನ ಕಡೆ." ಆ ವಾರವೇ ನೀವು ಲಾರಿ ಬಾನೆಟ್ಟಿಗೆ ಬಗ್ಗಲು ಹತ್ತಿ ನಿಲ್ಲುವ ಹಲಸಿನ ಮಣೆಗೆ ಕೆಂಪು ಪೇಂಟಿನಲ್ಲಿ 'ಕುಳ್ಳನ ಸಿಂಹಾಸನ' ಅಂತ ಬರೆದಿರಿ. ಬಂದ ಡ್ರೈವರುಗಳೆಲ್ಲ ಓದಿ ನಕ್ಕು, ನಿಮಗೆ ಟೀ ಹೇಳುತ್ತಿದ್ದರು. ಯಾರಾದರೂ ಆಡಿಕೊಂಡರೆ ಮುಖ ಸಣ್ಣಗೆ ಮಾಡದೆ ಇರುವುದನ್ನು, ಇನ್ನೊಬ್ಬರಿಗೆ ನೋವಾಗದ ಹಾಗೆ ನಗಿಸುವುದನ್ನು ನಾನು ಕಲಿತದ್ದು ಆ ಮಣೆಯ ಪಕ್ಕ ನಿಂತು. ನೀವು ಕಲಿತದ್ದು ದ್ವಾರಕೀಶರಿಂದ.

ಅಂಥವರು ಹೋದರೆ ಶಟರ್ ಎಳೆಯಬೇಕು, ಎಳೆದಿರಿ, ಸರಿ. ಆದರೆ ಅವರು ಮಲಗಿದ್ದು ಒಂದನ್ನೇ ಯಾಕೆ ಹಿಡಿದುಕೊಂಡಿದ್ದೀರಿ? ಎಷ್ಟು ಸಲ ಬಿದ್ದು ಎದ್ದವರು ಅಂತ ನನಗೆ ಹೇಳಿಕೊಟ್ಟವರೇ ನೀವು. ವಯಸ್ಸು 30 ತುಂಬುವ ಮೊದಲೇ ರಾಜ್‌ಕುಮಾರ್‌ರನ್ನು ಹಾಕಿಕೊಂಡು 'ಮೇಯರ್ ಮುತ್ತಣ್ಣ' ತೆಗೆದರು. ಆಮೇಲೆ ಸಾಲು ಸಾಲಾಗಿ ಸಿನಿಮಾ ಸೋತು, ಸಾಲವಾಗಿ, ಮನೆ ಮಾರಿದರು. ಇನ್ನು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಾಗ, 62ನೇ ವಯಸ್ಸಿನಲ್ಲಿ 'ಆಪ್ತಮಿತ್ರ' ಮಾಡಿ ಗೆದ್ದರು. ಮುನಿಸಿಕೊಂಡು ದೂರವಾಗಿದ್ದ ವಿಷ್ಣುವರ್ಧನ್ ಅದಕ್ಕೋಸ್ಕರ ಮತ್ತೆ ಒಂದಾದರು. 2004ರಲ್ಲಿ ಮೈಸೂರಿನ ಟಾಕೀಸಿನಲ್ಲಿ ಅದನ್ನು ನೋಡಿ ಬರುವಾಗ ನೀವು ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಅವರ ಹೆಂಡತಿ ಅಂಬುಜಾ ಅವರು ಹೋದದ್ದೂ ಏಪ್ರಿಲ್ 16ಕ್ಕೇ, ಮೂರು ವರ್ಷ ಮುಂಚೆ. ನಮ್ಮಮ್ಮ ಇದ್ದಾಳೆ. ನೀವು ಮಲಗಿದ ಮೇಲೆ ಕ್ಯಾಲೆಂಡರ್ ಹರಿದು ಪೆನ್ಸಿಲಿನಲ್ಲಿ ನನಗೆ ಬರೆಯುತ್ತಾಳೆ.

ಆಂಜಿಯೋಗ್ರಾಮ್ ಅಂದರೆ ಎದೆ ಕೊಯ್ಯುವುದಲ್ಲ ಅಪ್ಪ. ನಾನು ಇಲ್ಲಿ ಕೇಳಿ ತಿಳಿದುಕೊಂಡೆ. ಮಣಿಕಟ್ಟಿನಲ್ಲೋ ತೊಡೆಸಂದಿಯಲ್ಲೋ ಸಣ್ಣ ನಳಿಕೆ ತೂರಿಸಿ, ಬಣ್ಣ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾರೆ. ನಿಮಗೆ ಎಚ್ಚರ ಇರುತ್ತದೆ. ಡೀಸೆಲ್ ಲೈನಿನಲ್ಲಿ ಕಸ ಎಲ್ಲಿ ಕಟ್ಟಿದೆ ಅಂತ ನೀವು ಹುಡುಕುತ್ತೀರಲ್ಲ, ಅದೇ ಕೆಲಸ. ಏದುಸಿರು ಬಿಡುವ ಗಾಡಿಯನ್ನು ನೋಡದೆ ರೋಡಿಗೆ ಬಿಟ್ಟವರಲ್ಲ ನೀವು.

ನಿಮ್ಮನ್ನು ಕೇಳದೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಗದ್ದೆ ವಿಷಯ ನನಗೆ ಗೊತ್ತು, ತಪ್ಪು ಯಾರದು ಅಂತ ನಾನು ಹೇಳುವುದಿಲ್ಲ. ಅವರಿಗೆ ಸ್ಟೆಂಟ್ ಹಾಕಿದ್ದು ಮೈಸೂರಿನ ಜಯದೇವದಲ್ಲೇ, ಅಲ್ಲಿ ಎಲ್ಲಿ ಚೀಟಿ ಮಾಡಿಸಬೇಕು, ಎಲ್ಲಿ ಕೂರಬೇಕು ಎಲ್ಲ ಗೊತ್ತು. 15ನೇ ತಾರೀಕು ಬುಧವಾರ ಬೆಳಿಗ್ಗೆ ಆರಕ್ಕೆ ಕಾರು ತರುತ್ತಾರೆ. "ಅಣ್ಣ ಕಾರು ಹತ್ತಿದ್ರೆ ಸಾಕು ಕಣೋ, ನನ್ನತ್ರ ಮಾತಾಡ್ದಿದ್ರೂ ಪರವಾಗಿಲ್ಲ" ಅಂದರು. ಹೇಳುವಾಗ ಅವರ ದನಿ ಕಟ್ಟಿತು. ಮೈಸೂರಿಗೆ 45 ಕಿಲೋಮೀಟರು, ಒಂದು ಗಂಟೆ. ಅಷ್ಟು ಹೊತ್ತು ಒಟ್ಟಿಗೆ ಕೂತುಕೊಳ್ಳಿ. ಡೀಸೆಲ್‌ಗೆ ಆ ಬಿಳಿ ಲಕೋಟೆಯ 30 ಡಾಲರು ಅಕ್ಕನ ಅಕೌಂಟಿಗೆ ಹಾಕಿದ್ದೇನೆ, ನಮ್ಮ ದುಡ್ಡಿನಲ್ಲಿ ಸುಮಾರು 1,800 ರೂಪಾಯಿ. ಅದು ದ್ವಾರಕೀಶರ ಹೆಸರಲ್ಲಿ ಬಂದ ದುಡ್ಡು, ಬೇರೆ ಯಾವುದಕ್ಕೂ ಖರ್ಚು ಮಾಡಬಾರದು. ಆಸ್ಪತ್ರೆ ಖರ್ಚು ಬೇರೆ ಕಳಿಸಿದ್ದೇನೆ. ನನಗೆ ಇಲ್ಲಿ ಒಂದು ಚೂರೂ ತೊಂದರೆಯಿಲ್ಲ, ಕೆಲಸ ಗಟ್ಟಿ ಇದೆ, ಓವರ್‌ಟೈಮ್ ಸಿಗುತ್ತಿದೆ, ಮನೆ ಬಾಡಿಗೆ ಕಟ್ಟಿ ಆಗಿದೆ, ಮುಸ್ತಫಾ ಅಂಗಡಿಯಲ್ಲಿ ರಾಗಿಹಿಟ್ಟು ಸಿಗುತ್ತದೆ, ವಾರಕ್ಕೆ ಎರಡು ಸಲ ಮುದ್ದೆ ಉಣ್ಣುತ್ತೇವೆ. ನನ್ನ ಯೋಚನೆ ಖಂಡಿತ ಬೇಡ. ಗೌರಿ ಹಬ್ಬಕ್ಕೆ ರಜೆ ಬರೆದುಕೊಟ್ಟಿದ್ದೇನೆ, ಬಂದೇ ಬರುತ್ತೇವೆ.

ಪುಟ್ಟಿ ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ. ಹೋದ ವಾರ ಯಾರೋ ಏನೋ ಅಂದರು ಅಂತ ಬ್ಯಾಗು ಎಸೆದು ಅತ್ತಳು. ಪಕ್ಕ ಕೂರಿಸಿಕೊಂಡು ನೀವು ಹೇಳಿದ ಮಾತನ್ನೇ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು ಬರುವುದಿಲ್ಲ ಅಪ್ಪ. "ತಾತ ಹೇಳ್ಲಿ" ಅಂತ ಕೂತಿದ್ದಾಳೆ. ಮಣೆ ಸೌದೆಗೆ ಹಾಕಿಬಿಡಬೇಡಿ, ಅವಳಿಗೆ ತೋರಿಸಬೇಕು.

ಊರಿಗೆ ಹೋಗುವವರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ, ಸುಮ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಅಮ್ಮನಿಗೆ, ಅಕ್ಕ ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ರಾತ್ರಿ ಮಾತ್ರೆ ಬಿಡಬೇಡಿ. ಬೀಡಿ ಬೇಡವೇ ಬೇಡ. 15ಕ್ಕೆ ಆರು ಗಂಟೆ.

ಇಂತಿ ನಿಮ್ಮ ಮಗ
ಗುಂಡ